ಟೈಲರಮ್ಮ ಹೊಲಿದ ಬೀದಿ

ಬೀದಿಯವರೆಲ್ಲ ಅವಳನ್ನು ಟೈಲರಮ್ಮ ಎಂದೇ ಕರೆಯುತ್ತಿದ್ದರು. ಎದುರಿಗೆ ಬಂದವರ ಅಳತೆಯನ್ನು ಕಣ್ಣಲ್ಲೇ ತೆಗೆದುಬಿಡುವ ಹೆಂಗಸು. ಇಪ್ಪತ್ತೆರಡು ವರ್ಷದಲ್ಲಿ ತನ್ನ ಅಳತೆ ತಪ್ಪಿತು ಎಂದು ಒಮ್ಮೆಯೂ ಒಪ್ಪಿದವಳಲ್ಲ. ಅಂಗಿ ಬಿಗಿ ಎಂದವರಿಗೆ, "ಅಂಗಿ ಸರಿಯಾಗೇ ಇದೆ, ನೀವು ದಪ್ಪ ಆಗಿದ್ದೀರ" ಎಂದು ಹೇಳಿ ಕಳಿಸುತ್ತಿದ್ದಳು.

ಇಂಥವಳಿಗೂ ಬಗ್ಗದವನು ಅವಳ ಗಂಡ. ಹದಿನೆಂಟು ವರ್ಷ ಬಸ್ಸು ಓಡಿಸಿದವನು. ಹೃದಯಾಘಾತವಾದ ಮೇಲೆ ಡಾಕ್ಟರು ಎರಡು ಮಾತು ಹೇಳಿದ್ದರು: ಸ್ಟೀರಿಂಗ್ ಮುಟ್ಟಕೂಡದು, ದಿನಾ ಅರ್ಧ ಗಂಟೆ ನಡೆಯಲೇಬೇಕು. ಮೊದಲನೆಯದನ್ನು ಪಾಲಿಸಿದ, ಎರಡನೆಯದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಅವನು ಓಡಿಸುತ್ತಿದ್ದ ಬಸ್ಸು ಮನೆಯ ಮುಂದೆಯೇ ಹಾದುಹೋಗುತ್ತಿತ್ತು. "ಬೇರೆಯವನು ಓಡಿಸೋದನ್ನ ನಾನು ರಸ್ತೇಲಿ ನಿಂತು ನೋಡ್ಬೇಕಾ?" ಎಂದವನು ನಾಲ್ಕು ತಿಂಗಳಿಂದ ಮೆಟ್ಟಿಲು ಇಳಿದಿರಲಿಲ್ಲ. ಹೇಳಿ ಹೇಳಿ ಟೈಲರಮ್ಮನ ಬಾಯಿ ಸೋತಿತ್ತು. ದಿನವಿಡೀ ಕೂರುವ ಕುರ್ಚಿಯಲ್ಲೇ ಅವನಿಗೆ ಏನಾದರೂ ಆಗಿಬಿಟ್ಟರೆ ಎಂದು ಅವಳಿಗೆ ನಿಜಕ್ಕೂ ಭಯವಾಗುತ್ತಿತ್ತು.

ಅವಳ ನಾದಿನಿ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಿದ್ದಳು. ಅಣ್ಣನ ಬೇಸರ ಕಳೆಯಲೆಂದು ಬಸ್ಸು ಓಡಿಸುವ ಗೇಮೊಂದನ್ನು ತಂದು ಮನೆಯ ಕಂಪ್ಯೂಟರಿಗೆ ಹಾಕಿದಳು. ಅವನು ಹತ್ತು ನಿಮಿಷ ಆಡಿ ಮೂಗು ಮುರಿದ. "ಇದ್ಯಾವ ರಸ್ತೆ? ಒಂದು ಗುಂಡಿ ಇಲ್ಲ, ಅಡ್ಡ ಬರೋಕೆ ಒಂದು ನಾಯಿ ಇಲ್ಲ!"

"ಇದರೊಳಗೆ ನಮ್ಮ ಬೀದೀನೇ ತರಬಹುದು ಅತ್ತಿಗೆ," ಎಂದಳು ನಾದಿನಿ. "ಮನೆ, ಮರ ಎಲ್ಲಾ ನಾವೇ ಮಾಡಿ ಸೇರಿಸ್ಬೇಕು. ಆದ್ರೆ ನಿಮ್ಮ ಕೈಲಿ ಆಗಲ್ಲ ಬಿಡಿ."

ಆ ಕೊನೆಯ ಮಾತೊಂದೇ ಸಾಕಾಯಿತು. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಟೈಲರಮ್ಮ ಕಂಪ್ಯೂಟರಿನ ಮುಂದೆ ಕೂರತೊಡಗಿದಳು. ಮೊದಲ ವಾರ ತಲೆಬುಡ ತಿಳಿಯಲಿಲ್ಲ. ಮನೆಯೊಂದರ ಆಕಾರ ಮಾಡಿ, ಅದರ ಗೋಡೆಗಳನ್ನು ಬಿಚ್ಚಿ ಚಪ್ಪಟೆಯಾಗಿ ಹರಡಿ, ಫೋನಿನಲ್ಲಿ ತೆಗೆದ ಗೋಡೆಯ ಚಿತ್ರವನ್ನು ಅದಕ್ಕೆ ಹೊಂದಿಸಬೇಕಿತ್ತು. ನಾದಿನಿಗೇ ಬೆವರಿಳಿಸಿದ ಕೆಲಸ ಅದು. ಟೈಲರಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿ, "ಅಯ್ಯೋ, ಇಷ್ಟೇನಾ? ಅಂಗಿಯ ಹೊಲಿಗೆ ಬಿಚ್ಚಿ ಹರಡಿದ ಹಾಗೇ ಅಲ್ವೇ!" ಎಂದಳು.

ಆದರೆ ಮೊದಲ ಮನೆಯನ್ನು ಗೇಮಿಗೆ ಸೇರಿಸಿದಾಗ ನಾಲ್ಕೂ ಮೂಲೆಗಳಲ್ಲಿ ಗೋಡೆಗಳು ಕಿವಿಗಳಂತೆ ಹೊರಚಾಚಿಕೊಂಡಿದ್ದವು.

"ಏನಿದು ಅತ್ತಿಗೆ?"

"ಹೊಲಿಗೆಗೆ ಬಿಟ್ಟಿದ್ದು ಕಣೇ. ಇಷ್ಟು ದೊಡ್ಡ ಗೋಡೆಗೆ ಒಂದಿಂಚು ಸಾಲಲ್ಲ ಅಂತ ಒಂದೊಂದಡಿ ಬಿಟ್ಟೆ."

ನಾದಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ, ಕಂಪ್ಯೂಟರಿಗೆ ಹೊಲಿಗೆಯೇ ಗೊತ್ತಿಲ್ಲ ಎಂದು ಗೊಣಗುತ್ತ ಟೈಲರಮ್ಮ ಮೂಲೆಗಳನ್ನೆಲ್ಲ ಕತ್ತರಿಸಿದಳು. ಎರಡು ತಿಂಗಳಲ್ಲಿ ಬೇಕರಿ, ಬಣ್ಣ ಸುಲಿದ ಬಸ್ ನಿಲ್ದಾಣ, ಅದರ ಮುಂದಿನ ಗುಂಡಿ, ಬೀದಿಯ ಕೊನೆಯ ಸೇತುವೆ ಎಲ್ಲವೂ ಬಂದವು. ಬೇಕರಿಯ ಮುಂದೆ ಮಲಗುವ ನಾಯಿಯನ್ನೂ ಬಿಡಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಗಂಡನನ್ನು ಹಿಡಿದು ಕೂರಿಸಿದರು. ಅವನು ಮುಖ ಗಂಟಿಕ್ಕಿಕೊಂಡೇ ಬಸ್ಸು ಹೊರಡಿಸಿದ. ತನ್ನ ಮನೆ ಕಂಡಿತು. ಬೇಕರಿ ಕಂಡಿತು. ಗುಂಡಿ ಬಂದಾಗ ಕೈ ತಾನಾಗಿಯೇ ಬಲಕ್ಕೆ ತಿರುಗಿತು, ಕಣ್ಣು ತುಂಬಿ ಬಂತು. ಆಮೇಲೆ ಗಕ್ಕನೆ ಬ್ರೇಕು ಹಾಕಿದ.

"ತಪ್ಪು! ನಿಲ್ದಾಣ ಬೇಕರಿಗೆ ಇಷ್ಟು ಹತ್ತಿರ ಇಲ್ಲ."

"ನನ್ನ ಅಳತೆ ತಪ್ಪಲ್ಲ ರೀ."

"ಹದಿನೆಂಟು ವರ್ಷ ಬ್ರೇಕ್ ಹಾಕಿದ ಕಾಲು ಇದು! ಅದಕ್ಕೆ ಗೊತ್ತಿಲ್ವಾ?"

"ಹಾಗಾದ್ರೆ ಅಳೆದು ತೋರಿಸಿ."

ಅವನು ಅವಳ ಕೊರಳಲ್ಲಿದ್ದ ಟೇಪನ್ನು ಕಿತ್ತುಕೊಂಡು, ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲು ಇಳಿದೇಬಿಟ್ಟ. ಅತ್ತಿಗೆ ನಾದಿನಿ ಇಬ್ಬರೂ ಕಿಟಕಿಗೆ ಓಡಿದರು. ಬೇಕರಿಯ ಮುಂದೆ ಅವನು ಬಗ್ಗಿ ನಿಂತಿದ್ದ. ಅವನ ಬಸ್ಸು ಹಾರ್ನು ಹಾಕಿಕೊಂಡು ಪಕ್ಕದಲ್ಲೇ ಹೋಯಿತು. ಅವನು ತಲೆಯನ್ನೂ ಎತ್ತಲಿಲ್ಲ.

"ಏನೇ, ಈ ಕಡೆ ತುದಿ ಯಾರು ಹಿಡೀತಾರೆ?" ಎಂದು ಕೆಳಗಿನಿಂದ ಕೂಗಿದ.

ಐದಡಿಯ ಟೇಪಿನಲ್ಲಿ ಬೇಕರಿಯಿಂದ ನಿಲ್ದಾಣದವರೆಗೆ ಅಳೆಯಲು ಗಂಡ ಹೆಂಡತಿಗೆ ನಲವತ್ತು ನಿಮಿಷ ಹಿಡಿಯಿತು. ಗಂಡ ಹೇಳಿದ್ದೇ ಸರಿಯಾಗಿತ್ತು.

"ನನ್ನ ಅಳತೇನೇ ತಪ್ಪು ಕಣ್ರೀ," ಎಂದು ಟೈಲರಮ್ಮ ನಡುಬೀದಿಯಲ್ಲಿ ಕಣ್ಣೊರೆಸಿಕೊಂಡಳು.

ಅವನು ಟೇಪನ್ನು ಸುತ್ತಿ ತನ್ನ ಜೇಬಿಗೇ ಹಾಕಿಕೊಂಡ. "ನಾಳೆ ಸೇತುವೆ ತನಕ ಅಳೀಬೇಕು. ಅದನ್ನೂ ನೀನು ತಪ್ಪಾಗೇ ಹಾಕಿರ್ತೀಯ."