ಎಲ್ಲರ ಮನೆಗೂ ಚಿಕ್ಕಮ್ಮ

ಶಾಲೆ ಬಿಟ್ಟ ಮಕ್ಕಳನ್ನು ಮತ್ತೆ ತರಗತಿಗೆ ಕರೆತರುವುದು ನನ್ನ ಗೆಳತಿಯ ಕೆಲಸವಾಗಿತ್ತು. ಶಿಕ್ಷಣ ಇಲಾಖೆಯವಳೆಂದರೆ ಬಾಗಿಲು ಹಾಕಿಕೊಳ್ಳುತ್ತಾರೆಂದು, ಹೋದ ಮನೆಯಲ್ಲೆಲ್ಲ ತಾನು ಮಕ್ಕಳಿಗೆ ಚಿಕ್ಕಮ್ಮನಾಗಬೇಕೆಂದು ಹೇಳಿಕೊಳ್ಳುತ್ತಿದ್ದಳು. ಅವಳು ತೀರಿಕೊಂಡ ವಾರ, ಇಸ್ತ್ರಿ ಅಂಗಡಿಯ ಹೆಂಗಸು ಮಗಳನ್ನು ಕರೆದುಕೊಂಡು ನನ್ನ ಮನೆಗೆ ಬಂದಳು.

“ನೀವು ಚಿಕ್ಕಮ್ಮನ ಅಕ್ಕ ಅಲ್ವಾ? ಹಾಗಾದ್ರೆ ಇವಳಿಗೆ ದೊಡ್ಡಮ್ಮ. ಚಿಕ್ಕಮ್ಮ ಜೊತೇಲಿದ್ರೆ ಮಾತ್ರ ಇವಳು ಶಾಲೆ ಮೆಟ್ಟಿಲು ಹತ್ತೋಳು. ನಾಳೆಯಿಂದ ಯಾರು ಬರ್ತಾರೆ?”

“ನಾನು ಬರೀ ಸ್ನೇಹಿತೆ ಕಣಮ್ಮ.”

“ಅವರೂ ಬರೀ ಆಫೀಸ್ನೋರೇ. ನಮಗೇನು ಗೊತ್ತಿರ್ಲಿಲ್ವಾ?”

ನಾನು ತಬ್ಬಿಬ್ಬಾದೆ. ಹಾಗಾದರೆ ಯಾರು ಯಾರನ್ನು ನಂಬಿಸುತ್ತಿದ್ದರು? ಕೇಳೋಣವೆಂದರೆ ಅವಳಿಲ್ಲ. ದಾರಿಯುದ್ದಕ್ಕೂ ಈ ಹುಡುಗಿಯ ಜೊತೆ ಏನು ಮಾತಾಡುತ್ತಿದ್ದಳೋ, ಅದೂ ನನಗೆ ತಿಳಿಯದು.

“ಶಾಲೆ ಎಷ್ಟು ಹೊತ್ತಿಗೆ?” ಎಂದು ಕೇಳಿದೆ.