ಒಂಟಿ ಸೀಟು

ನನ್ನ ಮೊಮ್ಮಗಳು ಮೋಟರ್‌ಸೈಕಲ್ಲಿನ ಹಿಂದಿನ ಸೀಟು ತೆಗೆಸಿದ್ದು ಅವರಪ್ಪನನ್ನು ಕೆಳಗಿಳಿಸಲಿಕ್ಕೆ. ಫ್ಯಾಷನ್ನಿನ ಹುಚ್ಚಿಗೆ ಗಾಡಿ ಕೆಡಿಸಿದಳು, ಕೇಳಿದ್ದಕ್ಕೆ ಅಪ್ಪನ ಬಾಯಿ ಒಡೆದಳು ಎಂದು ಬಿಲ್ಡಿಂಗ್ ತುಂಬ ಸುದ್ದಿ. ಬಾಯಿ ಒಡೆದದ್ದು ನಿಜ. ಮೊದಲು ಹೊಡೆದವನು ನನ್ನ ಮಗ. ಹೆತ್ತವಳು ನಾನೇ, ಹೇಳಲಿಕ್ಕೆ ನನಗೇನು ಅಂಜಿಕೆ?

ಮಗ ಕ್ಯಾಂಪ್ ಬಜಾರಿನ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಒಂದು ಕಣ್ಣು ಮಂಜಾದ ಮೇಲೆ ಗಾಡಿ ಓಡಿಸುವುದನ್ನು ಬಿಟ್ಟ. ಮೊಮ್ಮಗಳ ಆಫೀಸು ಅದೇ ದಾರಿಗೆ. ಅವಳು ತನ್ನ ಗಳಿಕೆಯಲ್ಲೇ ಹಳೆಯ ಮೋಟರ್‌ಸೈಕಲ್ ಕೊಂಡಿದ್ದಳು, ದಿನಾ ಬೆಳಿಗ್ಗೆ ಅಪ್ಪನನ್ನು ಹಿಂದೆ ಕೂಡಿಸಿಕೊಂಡು ಹೋಗುತ್ತಿದ್ದಳು. ಕುರ್ಚಿ, ಮೇಜಿನ ನಕ್ಷೆ ಮಾಡುವುದು ಅವಳ ಕೆಲಸ. ಮೊದಲಿನಿಂದಲೂ ಅವಳಿಗೆ ಬೋಳು ಸಾಮಾನೇ ಇಷ್ಟ. ಅವಳ ಕೋಣೆಯ ಗೋಡೆಗೆ ಒಂದು ಕ್ಯಾಲೆಂಡರೂ ಇಲ್ಲ. ಮೊಬೈಲಿನಲ್ಲಿ ಅಂಥವೇ ಗಾಡಿಗಳ ಚಿತ್ರ ತೋರಿಸಿದಳು. ಚರ್ಮ ಸುಲಿದ ಕುರಿಯ ಹಾಗಿವೆ ಎಂದೆ.

"ಬೇಕಾದಷ್ಟಽ ಇರಬೇಕು ಅಜ್ಜಿ. ಉಳಿದದ್ದು ಭಾರ," ಎಂದಳು.

ಒಂದು ರಜೆಯ ದಿನ ಗಾಡಿಯನ್ನು ನಾನಾ ಪೇಟೆಯ ಗ್ಯಾರೇಜಿಗೆ ಒಯ್ಯುವಾಗ ನಾನೂ ಹಿಂದೆ ಅಡ್ಡ ಕೂತು ಹೋದೆ. ಹಿಂದೆ ಕೂತವರಿಗೆ ಕಾಣುವುದು ಮುಂದಿನವರ ಹೆಲ್ಮೆಟ್ಟು ಮಾತ್ರ. ಅವಳ ಹೆಲ್ಮೆಟ್ಟಿನ ಹಿಂಭಾಗದ ತುಂಬ ಬಿಳಿ ಗೀರುಗಳು, ಬೆಕ್ಕು ಪರಚಿದ ಹಾಗೆ. ಸಿಗ್ನಲ್ಲಿನಲ್ಲಿ ನಿಂತಾಗ ಬೆರಳಿನಿಂದ ತಿಕ್ಕಿ ನೋಡಿದೆ, ಹೋಗಲಿಲ್ಲ. ಇದೇನು ಎಂದು ಕೇಳಿದೆ.

"ಪಪ್ಪಾನ ಉಂಗುರ," ಎಂದಳು.

ಗ್ಯಾರೇಜು ಮುಟ್ಟುವುದರೊಳಗೆ ಎಲ್ಲಾ ಹೇಳಿದಳು. ಬ್ರೇಕು ಜೋರಾಗಿ ಬಿದ್ದರೆ ಒಂದು ಏಟು. ರಿಕ್ಷಾದವನು ಅಡ್ಡ ಬಂದರೆ ಒಂದು. ನೋಡಲು ಬಂದ ಗಂಡಿನವರು ಒಲ್ಲೆ ಎಂದದ್ದು ನೆನಪಾದರೆ ಸಿಗ್ನಲ್ಲು ಬಿಡುವ ತನಕ ಏಟು. ಪಕ್ಕದ ಗಾಡಿಯವರು ನೋಡಿ ನಗುತ್ತಾರಂತೆ.

"ಎರಡೂ ಕೈ ಹ್ಯಾಂಡಲ್ ಮ್ಯಾಲೆ ಇರ್ತಾವ ಅಜ್ಜಿ. ತಡೀಲಿಕ್ಕೆ ಕೈ ಎಲ್ಲಿಂದ ತರಲಿ?"

ಗ್ಯಾರೇಜಿನ ಮಿಸ್ತ್ರಿ ಒಳ್ಳೆಯವನೇ. ಹಿಂದೆ ಸಣ್ಣದೊಂದು ಗಾದಿ ಇಡೋಣ, ಬೇಕಾದಾಗ ಹಾಕಿಕೊಳ್ಳಿ, ಬೇಡವಾದಾಗ ತೆಗೆಯಿರಿ ಎಂದ. ಬೇಡವೇ ಬೇಡ ಎಂದಳು. ಅವನು ನನ್ನ ಕಡೆ ನೋಡಿ, ಹಾಗಾದರೆ ಆಜಿ ಎಲ್ಲಿ ಕೂಡಬೇಕು ಎಂದು ಮರಾಠಿಯಲ್ಲಿ ಕೇಳಿದ. ಆಜಿ ರಿಕ್ಷಾದಲ್ಲಿ ಬರುತ್ತಾಳೆ, ನೀನು ಕತ್ತರಿಸು ಎಂದೆ. ಸೀರೆ ಸಿಕ್ಕಬಾರದೆಂದು ಚಕ್ರದ ಪಕ್ಕ ಹಾಕಿದ್ದ ಜಾಳಿಗೆ ಮೊದಲು ಹೋಯಿತು. ಆಮೇಲೆ ಉದ್ದ ಸೀಟು, ಹಿಂದಿನವರು ಹಿಡಿಯುವ ಕಂಬಿ, ಕಾಲಿಡುವ ಗೂಟ. ಕಡೆಗೆ ಚೌಕಟ್ಟಿನ ಬಾಲವನ್ನೇ ಕಿಡಿ ಹಾರಿಸಿ ಕೊಯ್ದ. ಅದು ನೆಲಕ್ಕೆ ಬಿದ್ದ ಮೇಲೇ ನಾನು ರಿಕ್ಷಾ ಹತ್ತಿದೆ.

ಅಂದು ಸಂಜೆ ಊಟಕ್ಕೆ ಕೂತ ಮಗನನ್ನು ಆ ಏಟುಗಳ ಬಗ್ಗೆ ಕೇಳಿದೆ. ಅವನು ರೊಟ್ಟಿ ಮುರಿಯುತ್ತಲೇ, "ಹೆಲ್ಮೆಟ್ ಇರ್ತದಲ್ಲವ್ವಾ, ನೋವ ಎಲ್ಲಿ ಆಗ್ತದ?" ಎಂದ. ಕೈ ಕಟ್ಟಿಹಾಕಿದವರನ್ನು ಹೊಡೆಯುವವನಿಗೆ ಗಂಡಸು ಅನ್ನುವುದಿಲ್ಲ ಎಂದೆ. ತಾಟು ಸರಿಸಿ ಎದ್ದುಹೋದ.

ಕೆಲಸ ಮುಗಿದು ಗಾಡಿ ಒಂದು ಸಂಜೆ ಮನೆಗೆ ಬಂತು. ಹೊಳಪಿಲ್ಲದ ಬೂದಿ ಬಣ್ಣದ ಪೆಟ್ರೋಲ್ ಟಾಕಿ, ಅದರ ಮೇಲೆ ಒಂದು ಅಕ್ಷರವೂ ಇಲ್ಲ. ನನ್ನ ಹಣೆಯಷ್ಟೇ ಖಾಲಿ. ಮುಂದೆ ಬಟ್ಟಲಿನಷ್ಟು ದೀಪ, ನಡುವೆ ಒಬ್ಬರಿಗೆ ಮಾತ್ರ ಆಗುವ ಕಂದು ತೊಗಲಿನ ಸೀಟು. ಅದರಾಚೆ ಏನೂ ಇಲ್ಲ, ಬರೀ ಚಕ್ರ. ನನಗೆ ಚೆಂದವೇ ಕಂಡಿತು.

ಮರುದಿನ ಬೆಳಿಗ್ಗೆ ನಾನು ಗೇಟಿನ ಹತ್ತಿರ ಕೈಗಾಡಿಯವಳ ಬಳಿ ಮೆಂತ್ಯದ ಸೊಪ್ಪು ಆರಿಸುತ್ತಿದ್ದೆ. ಮೊಮ್ಮಗಳು ಆಗಲೇ ಗಾಡಿಯ ಮೇಲೆ ಕೂತಿದ್ದಳು. ಮಗ ಊಟದ ಡಬ್ಬಿ ಹಿಡಿದು ಇಳಿದು ಬಂದ. ಎಂದಿನಂತೆ ಹಿಂದೆ ಕಾಲು ಹಾಕಲು ಹೋಗಿ ನಿಂತ.

"ನಾ ಎಲ್ಲೆ ಕೂಡ್ಲಿ?"

"ಬಸ್ಸಿನ್ಯಾಗ, ಪಪ್ಪಾ."

ಅವಳು ಇನ್ನೂ ಹೆಲ್ಮೆಟ್ಟು ಹಾಕಿರಲಿಲ್ಲ, ಮೊಳಕೈಗೆ ನೇತುಹಾಕಿಕೊಂಡಿದ್ದಳು. ಉಂಗುರದ ಕೈ ನೇರ ಕಿವಿಗೆ ಬಿತ್ತು. ಹುಡುಗಿ, ಗಾಡಿ ಎರಡೂ ಉರುಳಿದವು. ಗೇಟಿಗೆ ಆಸರೆ ಇಟ್ಟಿದ್ದ ಇಟ್ಟಂಗಿ ಎತ್ತಿ ಅವನು ದೀಪ ಒಡೆದ. ಆಮೇಲೆ ಟಾಕಿಯನ್ನು ಜಜ್ಜತೊಡಗಿದ. ಒಂದೊಂದು ಏಟಿಗೂ ನನಗೆ ಜಾಗ ಇಲ್ಲವೇ, ನನಗೆ ಜಾಗ ಇಲ್ಲವೇ ಎಂದು ಕೇಳುತ್ತಿದ್ದ. ಅವಳು ಗಾಡಿಯ ಕೆಳಗಿಂದ ಕಾಲು ಎಳೆದುಕೊಂಡು ಎದ್ದಳು. ಕಿವಿಯಿಂದ ಕುತ್ತಿಗೆಗೆ ರಕ್ತ ಇಳಿಯುತ್ತಿತ್ತು. ಹೆಲ್ಮೆಟ್ಟಿನ ಪಟ್ಟಿ ಹಿಡಿದು ಬೀಸಿದಳು. ಮಗನ ತುಟಿ ಸೀಳಿತು, ಮುಂದಿನ ಹಲ್ಲೊಂದು ಫರಸಿಕಲ್ಲಿನ ಮೇಲೆ ಬಿತ್ತು. ಅವನು ಇಟ್ಟಂಗಿಯನ್ನು ಅವಳ ತಲೆಯ ಮೇಲೆ ಎತ್ತಿದ.

ಆಗ ನಾನು ಸೊಪ್ಪು ಬಿಟ್ಟು ಅವನ ಕೈಗೆ ಜೋತುಬಿದ್ದು ಮುಂಗೈ ಕಚ್ಚಿದೆ. ನನ್ನ ಹಲ್ಲು ಇನ್ನೂ ಗಟ್ಟಿ ಇವೆ. ಬಾಯಿಗೆ ಉಪ್ಪು ಬರುವ ತನಕ ಬಿಡಲಿಲ್ಲ. ಇಟ್ಟಂಗಿ ಅವನ ಪಾದದ ಮೇಲೆಯೇ ಬಿತ್ತು.

ಅಷ್ಟರಲ್ಲಿ ಬಾಲ್ಕನಿಗಳಲ್ಲಿ ಜನ ತುಂಬಿದ್ದರು. ಹುಡುಗಿ ಅಪ್ಪನಿಗೇ ಹೊಡೆದಳಲ್ಲ ಎಂದು ಮೇಲಿನಿಂದ ಒಬ್ಬಳು ಮರಾಠಿಯಲ್ಲಿ ಕೂಗಿದಳು. ಆ ಹೆಂಗಸು ಬಾಲ್ಕನಿಗೆ ಬರುವ ಹೊತ್ತಿಗೆ ಕಂಡದ್ದು ಅಷ್ಟೇ.

ತುಟಿಗೆ ಹೊಲಿಗೆ ಬಿದ್ದವು. ಹೊಲಿದ ಬಾಯಲ್ಲೇ ಮಗ ಹುಕುಂ ಮಾಡಿದ: ಉದ್ದ ಸೀಟು ವಾಪಸು ಬರಬೇಕು, ಇಲ್ಲ ಹುಡುಗಿ ಮನೆ ಬಿಡಬೇಕು. ಸೊಸೆ ಅತ್ತು ಅತ್ತು, ಒಂದು ಸೀಟಿಗೋಸ್ಕರ ಮನೆ ಒಡೆಯಬೇಡ ಎಂದು ಮಗಳ ಕೈ ಹಿಡಿದಳು. ಮೊಮ್ಮಗಳು ಕಿವಿಗೆ ಹತ್ತಿ ಇಟ್ಟುಕೊಂಡು ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು. ಅಪ್ಪ ಬಸ್ಸಿಗೆ ಹೋದರೆ ಇರುತ್ತೀಯೇನು ಎಂದು ಕೇಳಿದೆ.

"ಅವರು ಬಸ್ಸಿಗೆ ಹೋದ್ರ ನಾ ಯಾಕ ಮನಿ ಬಿಡ್ಲಿ, ಅಜ್ಜಿ?"

ಹೊರಗೆ ಮಗ, ಅಂಗಡಿಯಲ್ಲಿ ತಾನು ಏನು ಹೇಳುವುದೆಂದು ಹೆಂಡತಿಗೆ ಪಾಠ ಒಪ್ಪಿಸುತ್ತಿದ್ದ. ಬಚ್ಚಲಲ್ಲಿ ಜಾರಿ ಬಿದ್ದನಂತೆ. ಅದನ್ನು ಕೇಳಿದ ಮೇಲೆ ನನಗೆ ದಾರಿ ಕಂಡಿತು. ಅವನು ದೇವರಿಗೂ ಅಂಜುವವನಲ್ಲ, ನನಗಂತೂ ಅಲ್ಲ. ಅಂಗಡಿಯಲ್ಲಿ ಮಾತ್ರ ಅವನನ್ನು ಎಲ್ಲರೂ 'ಅಣ್ಣಾ' ಎಂದು ಎದ್ದು ನಿಂತು ಮಾತಾಡಿಸುತ್ತಾರೆ.

ಮರುದಿನ ಬೆಳಿಗ್ಗೆ ಡಬ್ಬಿ ನಾನೇ ಹಿಡಿದು ಅವನ ಜೊತೆ ಹೊರಟೆ. ಕಾಲು ಬಾತಿದೆ, ರಿಕ್ಷಾ ಮಾಡೋಣ ಎಂದ. ಬಸ್ಸು ಎಂದೆ. ಕುಂಟುತ್ತ ಹತ್ತಿದ. ಅಂಗಡಿಯಲ್ಲಿ ಸೇಠರು ಅವನ ಮುಖ ನೋಡಿ ಗಾಬರಿಯಾಗಿ ಏನಾಯಿತು ಎಂದರು. ಮಗ ಬಾಯಿ ತೆರೆಯುವ ಮೊದಲೇ, ಬಟ್ಟೆಯ ಥಾನು ಬಿಚ್ಚುತ್ತಿದ್ದವರಿಗೂ ಕೊಳ್ಳಲು ಬಂದ ಹೆಂಗಸರಿಗೂ ಕೇಳುವಂತೆ ಮರಾಠಿಯಲ್ಲಿ ಹೇಳಿದೆ: ಇವನು ಗಾಡಿ ಓಡಿಸುವ ಮಗಳನ್ನು ಹಿಂದಿನಿಂದ ಹೊಡೆಯುತ್ತಿದ್ದ, ನಿನ್ನೆ ಮುಂದಿನಿಂದ ಹೊಡೆದ, ಅವಳು ತಿರುಗಿ ಹೊಡೆದಳು. ಕೈ ಮೇಲಿನ ಹಲ್ಲಿನ ಗುರುತು ನನ್ನದು. ಇನ್ನು ಮೇಲೆ ಬಸ್ಸಿಗೆ ಬರುತ್ತಾನೆ, ತಡವಾದರೆ ಬೈಯಿರಿ.

ಸೇಠರು ನನಗೆ ಕುರ್ಚಿ ತೋರಿಸಿದರು. ನಾನು ಕೂಡಲಿಲ್ಲ. ಡಬ್ಬಿಯನ್ನು ಅವನ ಮುಂದೆ ಇಟ್ಟು, ವಾಪಸು ಬಸ್ಸು ಹಿಡಿದೆ.