ಸೋಪಜ್ಜಿ ಮುಚ್ಚಿಟ್ಟ ಮಾತು

"ಸೋಪಜ್ಜಿ ಹೊಸಿಲು ದಾಟಿದ್ರೆ ಸಾಕು, ಕೂಸು ಹೆದರಿಯೇ ಮಾಡ್ಕೊಂಡ್ಬಿಡುತ್ತೆ" ಎಂದು ಅಕ್ಕಪಕ್ಕದವರು ನಗುತ್ತಿದ್ದರು. ನಗುತ್ತಲೇ ಕರೆಯಲೂ ಬರುತ್ತಿದ್ದರು. ಹೆರಿಗೆ ವಾರ್ಡಿನಲ್ಲಿ ಆಯಾ ಆಗಿ ತಲೆ ನರೆಸಿಕೊಂಡವಳು ಆಕೆ. ಯಾರ ಮನೆಯ ಮಗು ಕಕ್ಕ ಮಾಡಲಾಗದೆ ಮುಕ್ಕಿರಿದರೂ ಸೋಪಿನ ಚೂರನ್ನು ಕಡ್ಡಿಯಂತೆ ಕೆತ್ತಿ, ನೆನೆಸಿ, ಹಿಂದಿನಿಂದ ತುಸು ತೂರಿಸುವಳು. ಕೆಲಸ ಆಗಿಯೇಬಿಡುತ್ತಿತ್ತು. ವಾರ್ಡಿನಲ್ಲಿ ಮಾತ್ರ ಅದಕ್ಕೆ ಅಪ್ಪಣೆಯಿರಲಿಲ್ಲ.

ಅದೇ ವಾರ್ಡಿನಲ್ಲಿ ಸೊಸೆ ಗಂಡು ಹೆತ್ತಳು. ಒಂದು ಹಗಲು, ಒಂದು ರಾತ್ರಿ ಕಳೆದು ಮತ್ತೆ ಬಿಸಿಲೇರಿದರೂ ಕೂಸಿನ ಮೊದಲ ಕಕ್ಕ, ಆ ಡಾಂಬರಿನಂಥ ಕಪ್ಪು ಕಕ್ಕ, ಬಟ್ಟೆಗೆ ಬೀಳಲಿಲ್ಲ.

"ಇವತ್ತೂ ಆಗದಿದ್ರೆ ಪರೀಕ್ಷೆ ಮಾಡ್ತಾರಂತೆ, ಅತ್ತೆ."

"ಪರೀಕ್ಷೆಯಂತೆ! ಹಸುಗೂಸಿಗೆ ಟ್ಯೂಬು ಹಾಕಿಸ್ತೀಯಾ? ಹೋಗು, ಮುಖ ತೊಳ್ಕೊಂಡು ಬಾ."

ಸೊಸೆ ಬರುವಷ್ಟರಲ್ಲಿ ಬಟ್ಟೆ ಕಪ್ಪಾಗಿತ್ತು. ಅಜ್ಜಿ ಅದನ್ನು ಪದಕದಂತೆ ಎತ್ತಿ ನರ್ಸಿಗೆ ತೋರಿಸಿದಳು.

"ತಾನಾಗೇ ಮಾಡ್ತಾ, ಅಜ್ಜಿ?"

"ಮತ್ತೆ? ನನ್ನ ಮೊಮ್ಮಗ ಕಣೇ!"

ಬೇರೆ ಯಾರೇ ಆಗಿದ್ದರೂ ನರ್ಸು ಇನ್ನೆರಡು ಮಾತು ಕೇಳುತ್ತಿದ್ದಳು. ತನಗೆ ಕೂಸು ಎತ್ತಿಕೊಳ್ಳಲು ಕಲಿಸಿದವಳೇ ಈಕೆ. ನಕ್ಕು ಹಾಗೇ ಬರೆದುಕೊಂಡಳು. ಪರೀಕ್ಷೆ ನಿಂತಿತು, ಎಲ್ಲರೂ ಮನೆಗೆ ಬಂದರು.

ಮನೆಯಲ್ಲಿ ಕೂಸಿನ ಹೊಟ್ಟೆ ನಗಾರಿಯಂತೆ ಬಿಗಿಯಿತು. ಅಜ್ಜಿ ಮತ್ತೊಂದು ಚೂರು ಕೆತ್ತುತ್ತಿದ್ದಾಗ ಹಸಿರು ಹಸಿರಾಗಿ ವಾಂತಿ ಮಾಡಿತು. ಚಾಕು ಕೈಜಾರಿತು. "ಗಾಡಿ ಕರಿಯೋ!" ಎಂದು ಮಗನನ್ನು ಕೂಗಿದಳು.

"ಮೊದಲ ಕಕ್ಕ ತಾನಾಗೇ ಆಯ್ತಾ?" ಎಂದು ಆಪರೇಷನ್ ಡಾಕ್ಟರೂ ಕೇಳಿದರು. ಸೊಸೆ ಹೌದೆನ್ನುವ ಮೊದಲೇ ಅಜ್ಜಿ, "ಇಲ್ಲ, ನಾನು ಸೋಪಿಟ್ಟೆ" ಅಂದಳು.

ಕರುಳಿನ ತುದಿಯಲ್ಲಿ ನರಗಳೇ ಇರಲಿಲ್ಲವಂತೆ, ಅದು ತಾನಾಗಿ ತಳ್ಳುವಂತೆಯೇ ಇರಲಿಲ್ಲವಂತೆ. "ಸೋಪಿಟ್ಟಿದ್ದು ಅವತ್ತೇ ಹೇಳಿದ್ದಿದ್ರೆ ಕರುಳು ತೂತಾಗೋಕೆ ಮುಂಚೆ ಹಿಡೀತಿದ್ವಲ್ಲಮ್ಮ" ಎಂದರು ಡಾಕ್ಟರು.

ಕೂಸು ಉಳಿಯಿತು. ಕಕ್ಕ ಹೊರಬರಲೆಂದು ಹೊಟ್ಟೆಯ ಮೇಲೊಂದು ಬಾಯಿ, ಅದಕ್ಕೊಂದು ಚೀಲ. ಚೀಲ ಬದಲಿಸಲು ಅಜ್ಜಿ ಕೈ ಚಾಚಿದರೆ ಸೊಸೆ "ಬೇಡ ಅತ್ತೆ" ಅನ್ನುವಳು, ಅಷ್ಟೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮಗ ಒಂದು ದಿನ ತಲೆಯೆತ್ತದೆ ಹೇಳಿದ: "ಅಮ್ಮ, ಸ್ವಲ್ಪ ದಿನ ಚಿಕ್ಕಮ್ಮನ ಮನೇಲಿರು."

ಅವಳು ಎರಡು ಸೀರೆ ಮಡಚಿ ಗಂಟು ಕಟ್ಟಿದಳು.

ಹೊರಡುವ ಮುನ್ನ ಕೈ ತೊಳೆಯಲು ಬಚ್ಚಲಿಗೆ ಹೋದಳು. ಸೋಪಿನ ಡಬ್ಬಿ ಖಾಲಿಯಿತ್ತು. ಸೊಸೆ ಇದ್ದಬದ್ದ ಸೋಪನ್ನೆಲ್ಲ ಬೀರುವಿಗೆ ಹಾಕಿ ಬೀಗ ಜಡಿದಿದ್ದಳು. ಬರೀ ನೀರಲ್ಲಿ ತೊಳೆದು, ತೊಟ್ಟಿಲ ಕಡೆ ನೋಡದೆ, ಚಪ್ಪಲಿ ಮೆಟ್ಟಿದಳು.

ಗೇಟಿನ ಬಳಿ ಪಕ್ಕದ ಮನೆಯಾಕೆ ಅಡ್ಡ ಬಂದಳು. "ಅಜ್ಜಿ, ಮಗಳ ಕೂಸು ಹುಟ್ಟಿದಾಗಿಂದ ಮಾಡೇ ಇಲ್ಲ. ಒಂಚೂರು ಸೋಪು..."

"ಸೋಪು ಮುಟ್ಟಿಸಬೇಡ! ಈಗಲೇ ಆಸ್ಪತ್ರೆಗೆ ಹೋಗು."

ಅಜ್ಜಿ ನಿಲ್ಲದೆ ನಡೆದಳು. ಬೆನ್ನ ಹಿಂದೆ ಮಾತು ಕೇಳಿಸಿತು: "ಮುದುಕಿಗೆ ಜಂಭ ನೋಡು!"